ಸಾಲ್ವಡೋರ್‌ನ ಒಂಬತ್ತು ಗೇರುಹಣ್ಣು

ಬ್ರೆಜಿಲಿನ ಸಾಲ್ವಡೋರ್ ನಗರಕ್ಕೆ ಹೋಗಿ ಬಂದವರು ಅಲ್ಲಿನ ಚಿನ್ನದ ಚರ್ಚು, ಬಣ್ಣದ ಬೀದಿ, ಡೋಲಿನ ಸದ್ದು, ಸಮುದ್ರ ಎಂದೆಲ್ಲ ಬರೆಯುತ್ತಾರೆ. ನಾನೂ ಅವುಗಳಲ್ಲಿ ಕೆಲವನ್ನು ನೋಡಿದೆ, ಆದರೆ ಅರ್ಧ ಕಣ್ಣಿನಲ್ಲಿ. ಉಳಿದ ಒಂದೂವರೆ ಕಣ್ಣು ಗೇರುಹಣ್ಣು ಹುಡುಕುತ್ತಿತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ, ಏನೇನು ನೋಡಬೇಕೆಂದು ತಿಳಿಯಲು ಓದುತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು.

ನ್ಯೂರೆಂಬರ್ಗ್, ಹೊರಡುವ ಮೊದಲು

ನಾನು ಜರ್ಮನಿಗೆ ಬಂದದ್ದು ಗ್ರೀನ್ ಕಾರ್ಡ್ ಎಂಬ ಹೆಸರಿನ ಪರವಾನಗಿಯಲ್ಲಿ. ಕಂಪ್ಯೂಟರ್ ಕಲಿತವರು ಬೇಕು ಎಂದು ಜರ್ಮನಿ ಕರೆದ ವರ್ಷಗಳು ಅವು. ಪಾಸ್‌ಪೋರ್ಟಿನಲ್ಲಿ ಐದು ವರ್ಷದ ಮೊಹರು ಬಿತ್ತು, ನಾನು ವಿಮಾನ ಹತ್ತಿದೆ. ಕಾರ್ಕಳದ ನನ್ನ ಚಿಕ್ಕಮ್ಮ ನಾನು ಅಮೆರಿಕದಲ್ಲಿದ್ದೇನೆಂದೇ ಊರಿಗೆಲ್ಲ ಹೇಳಿಕೊಂಡು ಬಂದರು. ಗ್ರೀನ್ ಕಾರ್ಡ್ ಎಂದ ಮೇಲೆ ಅಮೆರಿಕವೇ ಇರಬೇಕು ಎನ್ನುವುದು ಅವರ ಲೆಕ್ಕ.

ನ್ಯೂರೆಂಬರ್ಗಿನಲ್ಲಿ ನಾನು ಬಾಡಿಗೆಗೆ ಇದ್ದದ್ದು ಸೆವ್ರಿನ್ ಬಾಯಿಯವರ ಮನೆಯ ಮಹಡಿಯ ಕೋಣೆಯಲ್ಲಿ. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ, ನಾನೂ ಹಾಗೇ ಕರೆಯುತ್ತಿದ್ದೆ. ಕಿನ್ನಿಗೋಳಿ ಕಡೆಯ ಈ ಬಾಯಮ್ಮ ಇಪ್ಪತ್ತೊಂದನೆಯ ವಯಸ್ಸಿಗೆ ನರ್ಸ್ ಆಗಿ ಬಂದವರು, ಇಲ್ಲಿಯೇ ಟ್ರಾಮ್ ಓಡಿಸುವ ಒಬ್ಬ ಜರ್ಮನ್ನನನ್ನು ಮದುವೆಯಾದವರು. ಆತ ತೀರಿಹೋಗಿ ಮೂರು ವರ್ಷವಾಗಿತ್ತು. ಇಬ್ಬರು ಮಕ್ಕಳು ಬೇರೆ ಊರುಗಳಲ್ಲಿದ್ದರು, ಭಾನುವಾರ ಫೋನು ಮಾಡಿ ಜರ್ಮನ್‌ನಲ್ಲಿ ಮಾತಾಡುತ್ತಿದ್ದರು. ಬಾಯಮ್ಮನಿಗೆ ಕನ್ನಡ ಮಾತಾಡಲು ಸಿಕ್ಕಿದವಳು ನಾನೊಬ್ಬಳೇ, ಹಾಗಾಗಿ ನನ್ನ ಕಿವಿಗೆ ಬಿಡುವಿರಲಿಲ್ಲ.

ಆ ವರ್ಷ ನವೆಂಬರ್ ಒಂದರಂದು, ಸತ್ತವರ ಗೋರಿಗೆ ದೀಪವಿಡುವ ಹಬ್ಬಕ್ಕೆ, ಅವರ ಜೊತೆ ಸ್ಮಶಾನಕ್ಕೆ ಹೋಗಿದ್ದೆ. ಗಂಡನ ಕಲ್ಲಿನ ಮೇಲೆ ಗಂಡನ ಹೆಸರಿತ್ತು. ಅದರ ಕೆಳಗೆ ಬಾಯಮ್ಮನ ಹೆಸರೂ ಇತ್ತು. ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಖಾಲಿ ಜಾಗ. ನಾನು ಬೆಚ್ಚಿಬಿದ್ದೆ. ಅವರು ಕೆಂಪು ಗಾಜಿನ ದೀಪ ಹಚ್ಚುತ್ತಾ ಹೇಳಿದರು:

"ಎಂತ ನೋಡ್ತೀ ಮಾರಾಯ್ತಿ? ಇಲ್ಲಿ ಹಾಗೇ ಮಾಡುದು. ಒಂದೇ ಸಲ ಕೆತ್ತಿದ್ರೆ ಮಕ್ಕಳಿಗೆ ಮತ್ತೆ ತೊಂದ್ರೆ ಇಲ್ಲ."

"ಊರಿಗೆ ಹೋಗುದಿಲ್ವಾ ಬಾಯಮ್ಮ?"

"ಊರು ಸಾಕು. ಮೊಣಕಾಲಿಗೆ ಏಪ್ರಿಲ್‌ನಲ್ಲಿ ಆಪರೇಷನ್ ಉಂಟು, ಟರ್ಮಿನ್ ಸಿಕ್ಕಿ ಆಗಿದೆ. ಇನ್ನು ನಾನು ಅಲ್ಲಿಗೆ ಹೋಗಿ ಎಂತ ಮಾಡ್ಲಿಕ್ಕೆ ಉಂಟು?"

ಟರ್ಮಿನ್ ಎಂದರೆ ವೈದ್ಯರೋ ಕಚೇರಿಯವರೋ ಗೊತ್ತುಮಾಡಿಕೊಟ್ಟ ದಿನ, ಹೊತ್ತು. ಜರ್ಮನಿಯಲ್ಲಿ ಅದನ್ನು ಬದಲಿಸುವುದು ಮದುವೆಯ ಮುಹೂರ್ತ ಬದಲಿಸಿದಂತೆಯೇ.

ಮನೆಗೆ ಬಂದು ಚಹಾ ಕುಡಿಯುವಾಗ, ಕಂಪನಿ ನನ್ನನ್ನು ಎರಡು ವಾರ ಬ್ರೆಜಿಲಿಗೆ ಕಳಿಸುತ್ತಿದೆ ಎಂದೆ. ಬಾಯಮ್ಮನ ಕೈಯ ಕಪ್ಪು ಅಲ್ಲೇ ನಿಂತಿತು.

"ಗೇರು ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದಂತೆ. ಪೋರ್ಚುಗೀಸರು ತಂದದ್ದು. ಶಾಲೆಯಲ್ಲಿ ಸಿಸ್ಟರ್ ಹೇಳ್ತಿದ್ರು." ಕಪ್ಪನ್ನು ಕೆಳಗಿಟ್ಟು, "ಸಿಕ್ಕಿದ್ರೆ ಒಂದು ಹಣ್ಣು ತರ್ತೀಯಾ?" ಎಂದರು. ಮರುಕ್ಷಣವೇ, "ಬೇಡ, ಬಿಡು. ಅದು ಉಳಿಯುದಿಲ್ಲ," ಎಂದು ಕಪ್ಪು ತೊಳೆಯಲು ಎದ್ದರು.

ಘಟ್ಟದ ಮೇಲಿನವರಿಗೆ ಗೋಡಂಬಿ ಗೊತ್ತು, ಪಾಯಸದಲ್ಲಿ ತೇಲುವುದು. ಅದು ಒಂದು ಹಣ್ಣಿನ ತುದಿಯಲ್ಲಿ ನೇತಾಡುವ ಬೀಜ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಣ್ಣು ಕೆಂಪು ಅಥವಾ ಹಳದಿ, ದೊಣ್ಣೆಮೆಣಸಿನಕಾಯಿಯ ಆಕಾರ. ಕಚ್ಚಿದರೆ ರಸ ಮೊಣಕೈ ತನಕ ಇಳಿಯುತ್ತದೆ, ಗಂಟಲು ಕೆರೆಯುತ್ತದೆ, ಬಟ್ಟೆಗೆ ತಾಗಿದರೆ ಕಂದು ಕಲೆ ಬಟ್ಟೆ ಹರಿಯುವ ತನಕ ಹೋಗುವುದಿಲ್ಲ. ಕಿತ್ತ ಮರುದಿನಕ್ಕೆ ಕೊಳೆಯುವ ಈ ಹಣ್ಣನ್ನು ಯಾವ ಅಂಗಡಿಯೂ ಬೇರೆ ದೇಶಕ್ಕೆ ಕಳಿಸುವುದಿಲ್ಲ. ನಮ್ಮಲ್ಲಿ ಅದರ ಕಾಲ ಮಾರ್ಚ್‌ನಿಂದ ಮೇ. ಬಾಯಮ್ಮ ಊರಿಗೆ ಹೋಗುತ್ತಿದ್ದದ್ದು ಮಕ್ಕಳ ಶಾಲೆಗೆ ರಜೆ ಇರುವ ಆಗಸ್ಟ್‌ನಲ್ಲಿ. ಮಕ್ಕಳು ಶಾಲೆ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಅಭ್ಯಾಸಬಲದಿಂದ ಆಗಸ್ಟ್‌ನಲ್ಲೇ ಹೋಗಿ ಬಂದರು. ಹೀಗೆ ಮೂವತ್ತಮೂರು ವರ್ಷ ಅವರು ಗೇರುಹಣ್ಣು ತಿಂದಿರಲಿಲ್ಲ. ಯಾರ ಬಳಿಯೂ ಏನನ್ನೂ ಕೇಳದ ಹೆಂಗಸು ಒಂದು ಹಣ್ಣು ಕೇಳಿ, ಕೇಳಿದ್ದಕ್ಕೆ ನಾಚಿಕೊಂಡಿದ್ದರು. ತರಲೇಬೇಕು ಎಂದು ನಾನು ನಿರ್ಧರಿಸಿದೆ.

ಲಿಫ್ಟು

ಎರಡು ವಾರ ಸಾಲ್ವಡೋರ್ ಹೊರವಲಯದ ಕಾರ್ಖಾನೆ, ಹೋಟೆಲು, ಮತ್ತೆ ಕಾರ್ಖಾನೆ. ನೋಡಲು ಸಿಕ್ಕಿದ್ದು ಹೊರಡುವ ಹಿಂದಿನ ಶನಿವಾರ ಒಂದೇ. ಜೊತೆಗಿದ್ದವನು ಸಹೋದ್ಯೋಗಿ ಊವೆ, ಡ್ರೆಸ್ಡೆನ್ ಊರಿನವನು, ನಲವತ್ತು ದಾಟಿದ ಉದ್ದನೆಯ ಮನುಷ್ಯ. ಬೆಳಿಗ್ಗೆ ಕಾಫಿಗೆ ಬರುವಾಗಲೇ ಅವನ ಕೈಯಲ್ಲಿ ಒಂದು ಹಾಳೆ. ಏಳು ಜಾಗಗಳು, ಪ್ರತಿಯೊಂದರ ಮುಂದೆ ಹೊತ್ತು. ಊಟಕ್ಕೆ ಮೂವತ್ತೈದು ನಿಮಿಷ. ಆ ಐದು ನಿಮಿಷ ಯಾಕೆ ಎಂದು ಕೇಳಿದೆ. ಕೈ ತೊಳೆಯಲು ಎಂದ.

ಸಾಲ್ವಡೋರ್ ಎರಡು ಅಂತಸ್ತಿನ ಊರು. ಕೆಳಗೆ ಬಂದರು, ಮೇಲೆ ಗುಡ್ಡದ ಅಂಚಿನಲ್ಲಿ ಹಳೆಯ ಪಟ್ಟಣ. ನಡುವೆ ಜನರನ್ನು ಏರಿಸಿ ಇಳಿಸಲು ಗೋಪುರದಂಥ ಒಂದು ಲಿಫ್ಟು. ಮಂಗಳೂರಿನ ಹಂಪನಕಟ್ಟೆಯಿಂದ ಅಲ್ಲಿನ ಬಂದರಿಗೆ ಇಳಿದು, ಬಿಸಿಲಲ್ಲಿ ಏದುಸಿರು ಬಿಡುತ್ತಾ ಹತ್ತಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಲಿಫ್ಟಿನಲ್ಲಿ ಮೀನಿನ ಚೀಲ ಹಿಡಿದ ಒಬ್ಬಳು ಹೆಂಗಸು ನನಗೆ ಒತ್ತಿಕೊಂಡೇ ನಿಂತಳು. ಏನೋ ಹೇಳಿದಳು, ನನ್ನ ತೋಳು ಮುಟ್ಟಿದಳು, ನಕ್ಕಳು. ನನಗೆ ಅರ್ಥವಾಗಲಿಲ್ಲ ಎಂಬುದು ಅವಳಿಗೆ ಒಂದು ವಿಷಯವೇ ಅಲ್ಲ. ನ್ಯೂರೆಂಬರ್ಗಿನಲ್ಲಿ ಎರಡು ವರ್ಷದಲ್ಲಿ ಡಾಕ್ಟರನ್ನು ಬಿಟ್ಟರೆ ಅಪರಿಚಿತರು ಯಾರೂ ನನ್ನನ್ನು ಮುಟ್ಟಿರಲಿಲ್ಲ.

ಮೇಲೆ ಬಂದರೆ ಕೆಂಪು ಹಂಚಿನ ಮಾಡುಗಳು, ಅವುಗಳಾಚೆ ತೆಂಗು, ತೆಂಗಿನಾಚೆ ಸಮುದ್ರ. ಒಂದು ಗೋಡೆಯ ಮೇಲೆ ದಾಸವಾಳ ಬಾಗಿತ್ತು. ಕುತ್ತಿಗೆಯಿಂದ ಬೆವರು ಇಳಿಯಿತು. ಎರಡು ವರ್ಷದಿಂದ ಕೋಟು, ಮಫ್ಲರು, ಕಾಲುಚೀಲ ಎಂದು ಒಣಗಿಹೋಗಿದ್ದ ನನಗೆ ಆ ಬೆವರಿಗೇ ಅಳು ಬಂತು. ಊವೆಯ ಎದುರು ಅಳುವುದು ಹೇಗೆ, ಕರವಸ್ತ್ರ ತೆಗೆದು ಬೆವರು ಒರೆಸಿದಂತೆ ಮಾಡಿದೆ.

ಚರ್ಚಿನ ಚೌಕದಲ್ಲಿ ಬಣ್ಣದ ರಿಬ್ಬನ್ ಮಾರುವವನೊಬ್ಬ ಕೇಳದೆಯೇ ನನ್ನ ಕೈ ಹಿಡಿದು ಒಂದನ್ನು ಕಟ್ಟತೊಡಗಿದ. ಮೂರು ಗಂಟು, ಗಂಟಿಗೊಂದು ಬೇಡಿಕೆ. ಅದು ತಾನಾಗಿ ಹರಿದು ಬೀಳುವ ತನಕ ಬಿಚ್ಚಬಾರದು ಎಂದು ಅಭಿನಯಿಸಿ ತೋರಿಸಿದ. ನಮ್ಮಲ್ಲಿ ಪೂಜೆಯ ದಾರವನ್ನು ಕಟ್ಟಿಸಿಕೊಳ್ಳುವಾಗ ಮಾಡುವಂತೆಯೇ ನಾನು ಅಭ್ಯಾಸದಿಂದ ಬಲಗೈ ಚಾಚಿದ್ದೆ. ಗೇರುಹಣ್ಣು ಸಿಗಲಿ ಎಂದು ಒಂದು ಗಂಟಿಗೆ ಬೇಡಿದೆ. ಅದು ಬಾಯಮ್ಮನ ಬಾಯಿಗೆ ತಲುಪಲಿ ಎಂದು ಎರಡನೆಯದಕ್ಕೆ. ಮೂರನೆಯದಕ್ಕೆ ಏನೂ ಹೊಳೆಯುವ ಮೊದಲೇ ಅವನು ಗಂಟು ಬಿಗಿದು ಊವೆಯ ಕೈ ಹಿಡಿದಿದ್ದ.

ಚಿನ್ನದ ಚರ್ಚನ್ನು ನೋಡಿದೆವು. ಒಳಗೆ ಎಲ್ಲಿ ನೋಡಿದರೂ ಚಿನ್ನದ ರೇಕು, ಕೊಬ್ಬಿದ ಗಲ್ಲದ ದೇವದೂತರು. ಹೊರಗೆ ಬಂದರೆ ಬಿಳಿ ಲಂಗದ ದಪ್ಪನೆಯ ಹೆಂಗಸೊಬ್ಬಳು ಬಾಣಲೆ ಇಟ್ಟು ಕೂತಿದ್ದಳು. ಕೆಂಪು ತಾಳೆಯೆಣ್ಣೆಯಲ್ಲಿ ಅವಳು ಕರಿಯುತ್ತಿದ್ದದ್ದು ಏನೆಂದು ಬಗ್ಗಿ ನೋಡಿದೆ. ಅಲಸಂದೆ ವಡೆ. ಅದನ್ನು ಸೀಳಿ ಒಣಸಿಗಡಿ ತುಂಬಿಸಿ ಕೊಟ್ಟಳು. ಒಣಸಿಗಡಿಯ ವಾಸನೆಗೆ ಊವೆ ಎರಡು ಹೆಜ್ಜೆ ಹಿಂದೆ ಸರಿದ, ನಾನು ಎರಡು ಹೆಜ್ಜೆ ಮುಂದೆ ಹೋದೆ. ಅಮ್ಮನ ಸಿಗಡಿ ಚಟ್ನಿಗೂ ಇದಕ್ಕೂ ವ್ಯತ್ಯಾಸವೆಂದರೆ ತೆಂಗಿನಕಾಯಿ ಮಾತ್ರ.

ಸಂತೆ

ಮುಂದಿನ ಜಾಗ ಗುಡ್ಡದ ಮೇಲಿನ ಇನ್ನೊಂದು ಚರ್ಚು. ಟ್ಯಾಕ್ಸಿ ಕೆಳಗಿಳಿದು ಬಂದರಿನ ರಸ್ತೆ ಹಿಡಿಯಿತು. ಎಡಕ್ಕೆ ಒಂದು ದೊಡ್ಡ ಸಂತೆ, ತಗಡಿನ ಮಾಡುಗಳು. ಕಿಟಕಿ ತೆರೆದಿತ್ತು. ಮೀನು, ಕೊತ್ತಂಬರಿ, ಕೋಳಿ ಎಲ್ಲದರ ನಡುವಿನಿಂದ ಒಂದು ವಾಸನೆ ಬಂದು ನನ್ನ ಮೂಗಿಗೆ ಬಡಿಯಿತು. ನಾನು ಕನ್ನಡದಲ್ಲೇ "ನಿಲ್ಸಿ, ನಿಲ್ಸಿ" ಎಂದು ಕೂಗಿದೆ. ಡ್ರೈವರ್ ನಿಲ್ಲಿಸಿದ. ಊವೆ ಹಾಳೆ ನೋಡಿದ. ನಾನು ಆಗಲೇ ಇಳಿದಿದ್ದೆ.

ಮೂರನೆಯ ಸಾಲಿನಲ್ಲಿ ಸಿಕ್ಕಿತು. ಬುಟ್ಟಿಯ ತುಂಬ ಗೇರುಹಣ್ಣು, ಕೆಂಪು, ಹಳದಿ, ಬೀಜದ ಸಮೇತ. ಮಾರುತ್ತಿದ್ದವಳು ನನ್ನ ಅಮ್ಮನ ವಯಸ್ಸಿನವಳು. ಆಮೇಲೆ ನಾನು ಮಾಡಿದ್ದು ನನಗೇ ತಿಳಿಯದೆ ಮಾಡಿದ್ದು. ಚಿಕ್ಕಂದಿನಲ್ಲಿ ಬೇಸಿಗೆ ರಜೆಯಲ್ಲಿ ಚಿಕ್ಕಮ್ಮನ ಗೇರುಗುಡ್ಡದಲ್ಲಿ ನಮಗೆಲ್ಲ ಒಂದೇ ಕೆಲಸ. ಬಿದ್ದ ಹಣ್ಣು ಎತ್ತು, ಬೀಜ ತಿರುಪಿ ಕೀಳು, ಬೀಜ ಬುಟ್ಟಿಗೆ, ಹಣ್ಣು ಆಚೆ. ನನ್ನ ಕೈ ಅದನ್ನು ಮರೆತಿರಲಿಲ್ಲ. ಒಂದು ಹಣ್ಣು ಎತ್ತಿ, ಬೀಜ ತಿರುಪಿ, ಬೀಜವನ್ನು ಅವಳ ಮುಂದೆ ಇಟ್ಟು, ಹಣ್ಣನ್ನು ಹಿಂದಕ್ಕೆ ಎಸೆದೆ. ಇನ್ನೊಂದು. ಮೂರನೆಯದನ್ನು ಎಸೆಯುವಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಸುತ್ತಲಿನ ಅಂಗಡಿಯವರು ಎದ್ದು ನಿಂತಿದ್ದರು. ನಾನು ಎಸೆದ ಮೊದಲನೆಯ ಹಣ್ಣು ಹಿಂದೆ ಬರುತ್ತಿದ್ದ ಊವೆಯ ಬಿಳಿ ಅಂಗಿಯ ಮೇಲೆ ಒಡೆದಿತ್ತು.

ಅವರು ಹಣ್ಣಿಗಾಗಿ ಬೆಳೆಸುತ್ತಾರೆ. ರಸ ಹಿಂಡಿ ಕುಡಿಯುತ್ತಾರೆ, ಬೀಜ ಆಮೇಲಿನ ಮಾತು. ನಾವು ಅವರಿಂದ ಬಂದ ಗಿಡವನ್ನು ನೆಟ್ಟು, ಬೀಜವನ್ನು ಕಾರ್ಖಾನೆಗೆ ಕಳಿಸಿ, ಹಣ್ಣನ್ನು ಮರದ ಬುಡದಲ್ಲಿ ಕೊಳೆಯಲು ಬಿಟ್ಟೆವು. ಕೊಳೆಯುವ ಆ ರಾಶಿಯ ಮಧ್ಯೆ ಬೆಳೆದ ಇಬ್ಬರು ಹೆಂಗಸರು ಈಗ ಚಳಿಯ ಊರಿನಲ್ಲಿ ಕೂತು ಅದಕ್ಕೇ ಹಂಬಲಿಸುತ್ತಿದ್ದೆವು. ನನಗೆ ನಾಚಿಕೆಯಾಯಿತು. ಕೈಮುಗಿದು ಕ್ಷಮೆ ಕೇಳಿದೆ. ಅವಳು ಒಂದು ಹಳದಿ ಹಣ್ಣನ್ನು ಒರೆಸಿ, ನನ್ನ ಬಾಯಿಯ ಹತ್ತಿರ ತಂದು, ತಿನ್ನು ಎಂದು ಗದ್ದ ಎತ್ತಿದಳು. ಕಚ್ಚಿದೆ. ರಸ ಮೊಣಕೈಗೆ ಇಳಿಯಿತು, ಗಂಟಲು ಕೆರೆಯಿತು, ಈ ಸಲ ಕರವಸ್ತ್ರ ತೆಗೆಯಲಿಲ್ಲ.

ನನ್ನ ಅಳು ಮುಗಿಯುವ ತನಕ ಊವೆ ಪಕ್ಕದಲ್ಲೇ ನಿಂತಿದ್ದ. ನಾನು ಬಾಯಮ್ಮನ ಕತೆಯನ್ನು ಹೇಳಿದೆ. ಗೋರಿಕಲ್ಲಿನ ಖಾಲಿ ಜಾಗವನ್ನೂ ಹೇಳಿದೆ. ಅವನು ತನ್ನ ಅಂಗಿಯ ಕಲೆ ನೋಡಿಕೊಂಡ.

"ನಾನು ಪೂರ್ವ ಜರ್ಮನಿಯವನು," ಎಂದ. "ನಮಗೆ ಕಿತ್ತಳೆ ಬರುತ್ತಿದ್ದದ್ದು ಕ್ರಿಸ್‌ಮಸ್ಸಿಗೆ ಮಾತ್ರ. ಕ್ಯೂಬಾದ ಕಿತ್ತಳೆ, ಹಸಿರು, ನಾರು ನಾರು. ಅಜ್ಜಿ ಸಾಲಿನಲ್ಲಿ ನಿಂತು ತಂದು, ಎಸಳು ಎಣಿಸಿ ನಮಗೆ ಹಂಚುತ್ತಿದ್ದಳು. ಬರ್ಲಿನ್ ಗೋಡೆ ಬಿದ್ದ ಮೇಲೆ ಒಳ್ಳೆಯ ಕಿತ್ತಳೆ ಬೇಕಾದಷ್ಟು ಸಿಕ್ಕಿತು. ಅಜ್ಜಿ ಒಂದನ್ನು ತಿಂದು, ಇದಲ್ಲ ಎಂದಳು."

ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿದ. ಐದು ಜಾಗಗಳು ಉಳಿದಿದ್ದವು, ಅವುಗಳಲ್ಲಿ ಒಂದನ್ನೂ ನಾವು ನೋಡಲಿಲ್ಲ. "ಐಸು ಬೇಕು," ಎಂದು ಅವನು ಮೀನಿನ ಸಾಲಿನ ಕಡೆ ನಡೆದ.

ನಾನು ಮಾರುವವಳಿಗೆ ವಿಮಾನದಂತೆ ಕೈ ಹಾರಿಸಿ ತೋರಿಸಿದೆ. ಅವಳು ಆಗುವುದಿಲ್ಲ ಎಂದು ತಲೆಯಾಡಿಸಿದಳು. ಸೂರ್ಯನ ಕಡೆ ಬೆರಳು ತೋರಿಸಿ, ತಿನ್ನುವ ಅಭಿನಯ ಮಾಡಿದಳು. ಸೂರ್ಯ ಮುಳುಗಿದಂತೆ ಕೈ ಇಳಿಸಿ, ಮೂಗು ಹಿಡಿದುಕೊಂಡಳು. ನಾನು ಹಠ ಬಿಡಲಿಲ್ಲ. ಕೊನೆಗೆ ಅವಳೇ ಬುಟ್ಟಿಯ ತಳದಿಂದ ಸ್ವಲ್ಪ ಬಲಿಯದ ಒಂಬತ್ತು ಹಣ್ಣುಗಳನ್ನು ಆರಿಸಿ ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು.

ಫೋನು

ಸಾಲ್ವಡೋರ್‌ನ ಬೀದಿಗಳಲ್ಲಿ ಫೋನಿಗೆ ಗೂಡುಗಳಿವೆ, ಅರ್ಧ ಮೊಟ್ಟೆಚಿಪ್ಪಿನಂಥವು. ತಲೆ ಒಳಗೆ, ದೇಹ ಹೊರಗೆ. ಕಾರ್ಡು ತುರುಕಿ ನ್ಯೂರೆಂಬರ್ಗಿಗೆ ಮಾಡಿದೆ. ಅಲ್ಲಿ ಸಂಜೆಯ ಹೊತ್ತು.

"ಬಾಯಮ್ಮ, ಗೇರುಹಣ್ಣು ಸಿಕ್ಕಿತು."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು.

"ಕೆಂಪಾ, ಹಳದಿಯಾ?" ಎಂದು ಕೇಳಿದರು.

"ಎರಡೂ ಉಂಟು."

"ಹಳದಿ ತಾ. ನಮ್ಮ ಬಾವಿ ಹತ್ರ ಇದ್ದದ್ದು ಹಳದಿ. ಉಪ್ಪು ಹಾಕಿ ತಿನ್ನು ಮಾರಾಯ್ತಿ, ಇಲ್ಲದಿದ್ರೆ ಗಂಟಲು ಹಿಡೀತದೆ."

ನಾನು ಸಂತೆಗೆ ಓಡಿಹೋಗಿ ಕೆಂಪು ಹಣ್ಣುಗಳನ್ನೆಲ್ಲ ಬದಲಾಯಿಸಿಕೊಂಡು ಬಂದೆ. ಮಾರುವವಳು ಈಗ ನನ್ನನ್ನು ಪೂರ್ತಿ ಹುಚ್ಚಿ ಎಂದೇ ತಿಳಿದು, ಮಕ್ಕಳನ್ನು ಸಮಾಧಾನಪಡಿಸುವಂತೆ ಕೆನ್ನೆ ತಟ್ಟಿದಳು.

ವಿಮಾನ, ರೈಲು

ಊವೆ ತಂದಿದ್ದ ಐಸುಪೆಟ್ಟಿಗೆ ಸೋರುತ್ತದೆ ಎಂದು ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಒಂಬತ್ತು ಹಣ್ಣನ್ನು ಒಂದೊಂದಾಗಿ ನನ್ನ ಬಟ್ಟೆಗಳಲ್ಲಿ ಸುತ್ತಿ ಒಳಗಿಟ್ಟೆ. ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೇರುಗುಡ್ಡದಲ್ಲಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಸುತ್ತಿದೆ. ಊವೆ ತನ್ನ ಕಲೆಯಾದ ಅಂಗಿಯನ್ನೂ ಕೊಟ್ಟು, "ಹೇಗೂ ಹಾಳಾಗಿದೆ, ಇದರಲ್ಲಿ ಸುತ್ತಿ," ಎಂದ.

ಫ್ರಾಂಕ್‌ಫರ್ಟಿನಲ್ಲಿ ಯಾರೂ ತಡೆಯಲಿಲ್ಲ. ತಡೆದದ್ದು ರೈಲಿನ ಬೋಗಿಯ ಮೂಗುಗಳು. ಸೂಟ್‌ಕೇಸನ್ನು ಮೇಲಿಟ್ಟು ಹತ್ತು ನಿಮಿಷವಾಗಿಲ್ಲ, ಎದುರಿನ ಹೆಂಗಸು ಪತ್ರಿಕೆ ಇಳಿಸಿ ಸುತ್ತ ನೋಡಿದಳು. ಪಕ್ಕದವರು ತಮ್ಮ ಬೂಟಿನ ಅಡಿಯನ್ನು ನೋಡಿಕೊಂಡರು. ಸಿಹಿ, ಹುಳಿ, ಸ್ವಲ್ಪ ಹೆಂಡ, ಎಲ್ಲ ಸೇರಿದ ವಾಸನೆ. ಕಿಟಕಿಯ ಹೊರಗೆ ಬೋಳು ಮರಗಳು, ಬೂದು ಆಕಾಶ. ಬೋಗಿಯ ಒಳಗೆ ಏಪ್ರಿಲ್ ತಿಂಗಳ ಕಾರ್ಕಳ. ಊವೆ ನ್ಯೂರೆಂಬರ್ಗ್ ಬರುವ ತನಕ ಗಂಭೀರವಾಗಿ ನಿದ್ದೆ ಮಾಡುವಂತೆ ನಟಿಸಿದ.

ಬಾಯಮ್ಮನ ಅಡುಗೆಮನೆ

ಮೇಜಿನ ಮೇಲೆ ಬಿಳಿ ತಟ್ಟೆ, ಚೂರಿ, ಚಿಕ್ಕ ಬಟ್ಟಲಿನಲ್ಲಿ ಉಪ್ಪು. ಬಾಯಮ್ಮ ಭಾನುವಾರದ ಒಳ್ಳೆಯ ಬಟ್ಟೆ ಉಟ್ಟು ಕಾಯುತ್ತಿದ್ದರು. ಆ ತಟ್ಟೆಯನ್ನು ನೋಡಿ ನನಗೆ ಸೂಟ್‌ಕೇಸ್ ಬಿಚ್ಚಲು ಧೈರ್ಯವಾಗಲಿಲ್ಲ. ಅವರೇ ಬಿಚ್ಚಿದರು.

ಒಂಬತ್ತರಲ್ಲಿ ಎಂಟು ಕರಗಿಹೋಗಿದ್ದವು. ಚರ್ಮ ಮಾತ್ರ ಉಳಿದಿತ್ತು, ರಸವೆಲ್ಲ ಬಟ್ಟೆಗೆ ಇಳಿದಿತ್ತು. ಊವೆಯ ಅಂಗಿಯೊಳಗಿನದು ಒಂದು ಬದಿಯಲ್ಲಿ ಗಟ್ಟಿಯಿತ್ತು. ಬಾಯಮ್ಮ ಕೊಳೆತದ್ದನ್ನೆಲ್ಲ ಚೂರಿಯಿಂದ ತೆಗೆದರು, ನರ್ಸಿನ ಕೈ, ಒಂದು ಚೂರೂ ಹಾಳು ಮಾಡಲಿಲ್ಲ. ಉಗುರಿನಷ್ಟು ಉಳಿಯಿತು. ಉಪ್ಪು ತಾಗಿಸಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು.

"ಹುಳಿ ಬಂದಿದೆ," ಎಂದರು. "ಇದಲ್ಲ."

"ತಪ್ಪಾಯ್ತು ಬಾಯಮ್ಮ," ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ಮೊಣಕಾಲಿನ ಕಾರಣಕ್ಕೆ ಎರಡು ವರ್ಷದಿಂದ ನೆಲದಲ್ಲಿ ಕೂರದ ಹೆಂಗಸು, ಗೋಡೆ ಹಿಡಿದು ಮೆಲ್ಲ ಇಳಿದು, ಸೂಟ್‌ಕೇಸಿನ ಪಕ್ಕ ನೆಲದಲ್ಲಿ ಕೂತರು. ನನ್ನ ಒಂದು ಬಿಳಿ ಅಂಗಿಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡರು. ತುಂಬ ಹೊತ್ತು ತೆಗೆಯಲಿಲ್ಲ.

"ವಾಸನೆ ಅದೇ," ಎಂದರು ಅಂಗಿಯೊಳಗಿಂದ. "ಯೂನಿಫಾರ್ಮಿಗೆ ಕಲೆ ಮಾಡಿಕೊಂಡು ಹೋದ್ರೆ ಅಮ್ಮ ಬಾಗಿಲಲ್ಲೇ ನಿಲ್ಸಿ ಬಾರಿಸ್ತಿದ್ರು. ಇದು ತೊಳಿಬೇಡ, ಆಯ್ತಾ?"

ಅಂಗಿ ಎರಡು ದಿನ ಅಡುಗೆಮನೆಯ ಕುರ್ಚಿಯ ಮೇಲೆ ಹಾಗೇ ಇತ್ತು. ಬುಧವಾರ ನಾನು ಆಫೀಸಿನಿಂದ ಬಂದಾಗ ಬಾಯಮ್ಮ ಫೋನಿನಲ್ಲಿ ಜರ್ಮನ್ ಮಾತಾಡುತ್ತಿದ್ದರು, ಗಟ್ಟಿ ಸ್ವರದಲ್ಲಿ. ಇಲ್ಲ, ಏಪ್ರಿಲ್‌ನಲ್ಲಿ ನನಗೆ ಆಗುವುದಿಲ್ಲ. ಇಲ್ಲ, ಕಾಯಿಲೆಯಲ್ಲ, ಬೇರೆ ಕೆಲಸವಿದೆ. ಟರ್ಮಿನ್ ಯಾವಾಗ ಸಿಕ್ಕಿದರೂ ಸರಿ. ಫೋನಿಟ್ಟು ನನ್ನ ಕಡೆ ತಿರುಗಿದರು.

"ನಿನ್ನ ಕಂಪ್ಯೂಟರಲ್ಲಿ ಏಪ್ರಿಲಿಗೆ ಮಂಗಳೂರಿಗೆ ಟಿಕೆಟ್ ನೋಡ್ಲಿಕ್ಕೆ ಆಗ್ತದಾ?"

ಏಪ್ರಿಲ್

ನಾನೂ ಜೊತೆಗೆ ಹೋಗಬೇಕೆಂದಿದ್ದೆ. ಆದರೆ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು. ಕೆಲಸ ಹೋದರೆ ಪಾಸ್‌ಪೋರ್ಟಿನ ಐದು ವರ್ಷದ ಮೊಹರಿಗೆ ಅರ್ಥವಿಲ್ಲ, ಅಂಥ ಹೊತ್ತಿನಲ್ಲಿ ಉದ್ದದ ರಜೆ ಕೇಳುವ ಧೈರ್ಯ ನನಗಿರಲಿಲ್ಲ. ಬಾಯಮ್ಮನನ್ನು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ರೈಲು ಹತ್ತಿಸಿ ಬಂದೆ. ಮನೆ ನೋಡಿಕೊಳ್ಳುವುದು, ಗೋರಿಯ ಹೂವಿಗೆ ನೀರು ಹಾಕುವುದು ನನ್ನ ಪಾಲಿಗೆ ಬಂತು. ಮಣಿಕಟ್ಟಿನ ರಿಬ್ಬನ್ ಬಣ್ಣ ಹೋಗಿ ಬಿಳಿಚಿತ್ತು, ಇನ್ನೂ ಬಿದ್ದಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೊರಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಬೀಳುತ್ತಿತ್ತು. ಫೋನು ಬಂತು. ಕಾಗೆಗಳ ಸದ್ದು, ಯಾರೋ ಬಾವಿಯಿಂದ ನೀರು ಸೇದುವ ಸದ್ದು, ಅದರ ನಡುವೆ ಯಾರೂ ಮಾತಾಡುತ್ತಿಲ್ಲ.

"ಬಾಯಮ್ಮ? ನೀವೇನಾ?"

ಆ ಕಡೆ ಕೆಮ್ಮು.

"ಕೆಂಪಾ, ಹಳದಿಯಾ?" ಎಂದು ಕೇಳಿದೆ.

ಹೇಳಲು ಬಾಯಿ ತೆರೆದರು, ಮತ್ತೆ ಕೆಮ್ಮು ಬಂತು. ಕೆಮ್ಮುತ್ತಾ ನಕ್ಕರು, ನಗುತ್ತಾ ಕೆಮ್ಮಿದರು. ಉಪ್ಪು ಹಾಕದೆ ತಿಂದಿದ್ದಾರೆ ಎಂದು ಗೊತ್ತಾಯಿತು. ಅವರು ಒಂದು ಮಾತೂ ಆಡಲಾಗದೆ ಫೋನಿಟ್ಟರು. ನಾನು ರಿಸೀವರ್ ಹಿಡಿದುಕೊಂಡು ಕಿಟಕಿಯ ಹತ್ತಿರವೇ ನಿಂತಿದ್ದೆ. ನನ್ನ ಗಂಟಲೂ ಕೆರೆಯುತ್ತಿತ್ತು.